ಹೊಸದರಲ್ಲಿ ಎತ್ತಿದ ಗೋಣಿ

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಈ ಗಾದೆಯನ್ನು ನಮ್ಮ ಕಡೆ ಯಾರ ತಲೆಗೆ ಬೇಕಾದರೂ ಕಟ್ಟುತ್ತಾರೆ. ಹೊಸದಾಗಿ ಬಂದ ತಹಶೀಲ್ದಾರರಿಗೆ, ಮದುವೆಯಾದ ಹೊಸದರಲ್ಲಿ ದಿನಾ ಹೂ ತರುವ ಗಂಡನಿಗೆ, ಹೊಸ ಬೈಕನ್ನು ಮುಂಜಾನೆ ಸಂಜೆ ಒರೆಸುವ ಹುಡುಗನಿಗೆ. ಈಚೆಗೆ ಅದಕ್ಕೆ ಇನ್ನೊಂದು ಜಾಗ ಸಿಕ್ಕಿದೆ, ಜಿಮ್ಮು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಂಥ ತಾಲ್ಲೂಕು ಊರುಗಳಲ್ಲೂ ಕೆಳಗೆ ಬೀಜ-ಗೊಬ್ಬರದ ಅಂಗಡಿ, ಮೇಲಿನ ಮಹಡಿಯಲ್ಲಿ ಗೋಡೆ ತುಂಬ ಕನ್ನಡಿ. ಜನವರಿ ಮೊದಲ ವಾರ ಅಲ್ಲಿ ಡಂಬೆಲ್‌ಗೆ ಪಾಳಿ ಹಚ್ಚಬೇಕು. ಶಿವರಾತ್ರಿಯ ಹೊತ್ತಿಗೆ ಬೆಂಚುಗಳು ಖಾಲಿ, ಟ್ರೆಡ್‌ಮಿಲ್ಲಿನ ಮೇಲೆ ಯಾರದೋ ಮರೆತ ಟವೆಲ್ಲು. ಮನೆಯಲ್ಲಿ ಅಜ್ಜಿ ಗಾದೆ ಹೇಳಿ ನಗುತ್ತಾಳೆ, ಹುಡುಗ ತಲೆ ತಗ್ಗಿಸುತ್ತಾನೆ.

ಆದರೆ ಗಾದೆಯನ್ನು ಇನ್ನೊಮ್ಮೆ ನೋಡಿ. ಅಗಸ ಕೆಲಸ ಬಿಟ್ಟ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಸೋಮಾರಿ ಎಂದಂತೂ ಹೇಳುವುದೇ ಇಲ್ಲ. ಹೊಸಬ, ಅವನ ಕೈಯಲ್ಲೊಂದು ಗೋಣಿ, ಅದು ಮೇಲೇರಿ ಕಲ್ಲಿಗೆ ಬಡಿಯುವ ಸದ್ದು, ಅಷ್ಟೇ. ಉಳಿದದ್ದನ್ನು ತುಂಬಿಕೊಂಡವರು ನಾವು. ತುಂಬಿಕೊಳ್ಳುವಾಗ ಅವನ ಮನಸ್ಸು ಗಟ್ಟಿಯಿಲ್ಲ, ಛಲವಿಲ್ಲ ಎಂದು ದೂರನ್ನು ಅವನ ಸ್ವಭಾವದ ಮೇಲೆ ಹಾಕಿಬಿಟ್ಟೆವು. ನನ್ನ ಮಟ್ಟಿಗೆ ದೂರು ಇರಬೇಕಾದದ್ದು ಆ ಮೊದಲ ದಿನದ ಮೇಲೆ. ಅಂಥ ಮೊದಲ ದಿನ ಕಳೆದ ಮೇಲೆ ಎಂಥ ಛಲಗಾರನಾದರೂ ಬಿಡುತ್ತಾನೆ.

ಗೋಣಿಯೇ ಯಾಕೆ? ಧೋತರವಲ್ಲ, ಸೀರೆಯಲ್ಲ. ಒಣಗಿದಾಗ ಹಗುರವಾಗಿ ಕಾಣುವ ತಟ್ಟು ನೀರು ಕುಡಿದರೆ ಎರಡು ಕೈಗೂ ಬಾರದಷ್ಟು ಭಾರ. ಅಷ್ಟು ಕಷ್ಟಪಟ್ಟು ಒಗೆದರೂ ಮಲ್ಲಿಗೆಯಷ್ಟು ಬಿಳುಪಾಗುವ ವಸ್ತುವೂ ಅಲ್ಲ. ಬಟ್ಟೆ ಒಗೆದು ಬದುಕಿದ ಮಡಿವಾಳರಿಗೆ ಇದು ಗೊತ್ತಿತ್ತು. ಅವರ ಕೆಲಸದ ಬಹುಪಾಲು ಬಡಿಯುವುದರಲ್ಲಿ ಇರಲೇ ಇಲ್ಲ. ಬಟ್ಟೆ ಮೊದಲು ಚೌಳು ಮಣ್ಣಿನ ನೀರಿನಲ್ಲಿ ನೆನೆಯಬೇಕು, ಆಮೇಲೆ ಉಬ್ಬೆಯಲ್ಲಿ ಹಬೆಯಾಡಬೇಕು. ಕೊಳೆ ಅಲ್ಲಿಯೇ ಸಡಿಲುತ್ತದೆ. ಕಲ್ಲಿನ ಮೇಲಿನ ಬಡಿತ ಕೊನೆಯ ಮಾತು. ಪಳಗಿದವರ ಕೈ ತೀರ ಮೇಲಕ್ಕೂ ಹೋಗುವುದಿಲ್ಲ. ಸೊಂಟ ಬಾಗುತ್ತದೆ, ಬಟ್ಟೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಊರಿನ ಗಂಟು ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು, ನಾಳೆ ಮತ್ತೊಂದು ಗಂಟು ಬರುತ್ತದೆ ಎಂಬ ಲೆಕ್ಕ ಆ ಕೈಯಲ್ಲಿತ್ತು. (ಈ ಗಾದೆಯನ್ನು ಕಟ್ಟಿದವರು ಬಟ್ಟೆ ಒಗೆದವರಲ್ಲ, ಒಗೆಯಲು ಕೊಟ್ಟು ದಂಡೆಯ ಮೇಲೆ ನಿಂತವರು ಎಂಬುದು ನನ್ನ ಗುಮಾನಿ.)

ಜಿಮ್ಮಿಗೆ ಮೊದಲ ಸಲ ಬಂದವನ ಕೈಗೂ ಸಿಗುವುದು ಗೋಣಿಯೇ. ಪಕ್ಕದವ ಎಷ್ಟು ಎತ್ತುತ್ತಾನೋ ಅಷ್ಟೇ ಎತ್ತಬೇಕು. ಎದೆ, ಭುಜ, ತೊಡೆ ಎಲ್ಲ ಒಂದೇ ದಿನ ಆಗಬೇಕು. ಫೋಟೋ ಸ್ಟೇಟಸ್ಸಿಗೆ ಹೋಗಬೇಕು. ಮರುದಿನ ಸ್ವಲ್ಪ ಬಿಗಿತ. ಮೂರನೆಯ ದಿನ ತಲೆ ಬಾಚಲು ಕೈ ಏರುವುದಿಲ್ಲ, ಅಂಗಿಯ ತೋಳು ಹಾಕಲು ತಮ್ಮ ಬರಬೇಕು, ಮೆಟ್ಟಿಲನ್ನು ಗೋಡೆ ಹಿಡಿದು ಅಡ್ಡಡ್ಡ ಇಳಿಯಬೇಕು. ನೋವು ಹೀಗೆ ತಡವಾಗಿ ಬಂದು 24ರಿಂದ 72 ಗಂಟೆಯೊಳಗೆ ತುತ್ತತುದಿಗೆ ಏರುವುದು ಅದರ ಸ್ವಭಾವ. ಜಿಮ್ಮಿನಲ್ಲಿ ಇದಕ್ಕೆ ‘ಲ್ಯಾಕ್ಟಿಕ್ ಆಸಿಡ್ ಕೂತೈತಿ’ ಎನ್ನುತ್ತಾರೆ. ಅದು ತಪ್ಪು. ಆ ಆಮ್ಲ ವ್ಯಾಯಾಮ ಮುಗಿದ ತಾಸೆರಡು ತಾಸಿನಲ್ಲೇ ರಕ್ತದಿಂದ ಕರಗಿ ಹೋಗುತ್ತದೆ. ಮೂರನೆಯ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಗಾಯಗಳದು, ಅವುಗಳ ಸುತ್ತಲ ಬಾವಿನದು. ಈ ಗಾಯಗಳೂ ಹೆಚ್ಚಾಗಿ ಆಗುವುದು ಭಾರವನ್ನು ಎತ್ತುವಾಗ ಅಲ್ಲ, ಇಳಿಸುವಾಗ. ಸ್ನಾಯು ಒಂದೆಡೆ ಬಿಗಿ ಹಿಡಿಯುತ್ತಿರುತ್ತದೆ, ಅದೇ ಹೊತ್ತಿಗೆ ಹಿಗ್ಗುತ್ತಲೂ ಇರುತ್ತದೆ. ಗಾದೆ ಎತ್ತಿದ್ದನ್ನು ಮಾತ್ರ ಕಂಡಿತು. ಬಸ್ಕಿ ಹೊಡೆದವನ ತೊಡೆಯನ್ನು ಕೇಳಿದರೆ ಕೆಳಗೆ ಕೂತದ್ದರ ಕಥೆ ಹೇಳೀತು.

ಇದರಲ್ಲೇ ಹೊಸಬನಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ಮೊದಲ ದಿನ ಕೊಟ್ಟದ್ದು ಕೊಂಚವೇ ಆದರೂ ಸ್ನಾಯು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಅದೇ ಕೆಲಸವನ್ನು ಮುಂದಿನ ವಾರ ಕೊಟ್ಟರೆ ನೋವು ಬಹಳ ಕಡಿಮೆ, ಈ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಅಂದರೆ ಮೊದಲ ವಾರದ ಎರಡು ಸುತ್ತು ಹಗುರ ವ್ಯಾಯಾಮ ಸುಮ್ಮನೆ ಹೋದದ್ದಲ್ಲ, ಎರಡನೆಯ ವಾರಕ್ಕೆ ಕಟ್ಟಿದ ಒಡ್ಡು. ಅದನ್ನು ಬಿಟ್ಟು ಒಮ್ಮೆಗೇ ನೂರಾರು ಬಸ್ಕಿಗೆ ಇಳಿದರೆ ಅಪರೂಪಕ್ಕೆ ಸ್ನಾಯುವೇ ಒಡೆದು ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಆಗ ಟ್ರೇನರ್ ಹತ್ತಿರ ಅಲ್ಲ, ನೇರ ದವಾಖಾನೆಗೆ ಹೋಗಬೇಕು, ಮೂತ್ರಪಿಂಡದ ಪ್ರಶ್ನೆ ಅದು.

ಕನ್ನಡಿಯ ಮಾತನ್ನು ಮೊದಲ ತಿಂಗಳು ಕೇಳಲೇಬಾರದು. ಆರಂಭದ ವಾರಗಳಲ್ಲಿ ಬಲ ಹೆಚ್ಚುವುದು ಬಹುಮಟ್ಟಿಗೆ ನರಗಳು ಪಳಗಿದ್ದರಿಂದ. ಇರುವ ಸ್ನಾಯುವನ್ನು ಹೆಚ್ಚು ಚೆನ್ನಾಗಿ ದುಡಿಸಲು ಮೈ ಕಲಿಯುತ್ತದೆ. ತೋಳು ದಪ್ಪವಾದದ್ದು ಕಣ್ಣಿಗೆ ಕಾಣಲು ಇನ್ನೂ ಸಮಯ ಬೇಕು. ಅಷ್ಟರಲ್ಲಿ ಅಪ್ಪ ಪಡಸಾಲೆಯಿಂದಲೇ ಕೇಳಿರುತ್ತಾರೆ: “ಅಲ್ಲೋ ತಮ್ಮಾ, ರೊಕ್ಕಾ ಕೊಟ್ಟು ಅಲ್ಲಿ ಭಾರ ಎತ್ತತಿ, ಮನ್ಯಾಗ ಗೋವಿನಜೋಳದ ಚೀಲ ಸರಿಸು ಅಂದ್ರ ಸೊಂಟಾ ಅಂತಿ?” ಪ್ರಶ್ನೆ ಸರಿಯಾದದ್ದೇ. ಉತ್ತರವೂ ಇದೆ, ಅಪ್ಪನ ಕಾಲದ ಹೊಲವೇ ಈಗಿಲ್ಲ. ರಂಟೆ ಹೊಡೆಯುವುದು ಟ್ರ್ಯಾಕ್ಟರು, ರಾಶಿ ಮಾಡುವುದು ಮಷಿನ್ನು, ಹೊಲಕ್ಕೆ ಹೋಗುವುದು ಬೈಕು. ಹೊಲದಲ್ಲಿ ಉಳಿದ ಕೆಲಸವೂ ಒಂದೇ ಮಗ್ಗುಲಿನದು, ಕಳೆ ತೆಗೆದ ಹೆಂಗಸರ ಬೆನ್ನು ಅದನ್ನು ಹೇಳುತ್ತದೆ. ಜಿಮ್ಮಿನ ಅಗತ್ಯ ಹುಡುಗರಿಗಿಂತ ಅವರಿಗೇ ಹೆಚ್ಚು ಎಂದು ನನಗನ್ನಿಸುತ್ತದೆ. ಆದರೆ ಅವರು ಹೋಗಲು ಅನುಕೂಲವಾದ ಹೊತ್ತು, ಅವರದೇ ಒಂದು ಪಾಳಿ ಇಡುವ ಜಿಮ್ಮು ನಮ್ಮಲ್ಲಿ ಇನ್ನೂ ಕಡಿಮೆ.

ಹಿಂದಿನ ಗರಡಿಯಲ್ಲಿ ಹೊಸಬನ ಕೈಗೆ ಗೋಣಿ ಸಿಗದಂತೆ ಒಂದು ಏರ್ಪಾಡಿತ್ತು. ತಾಲೀಮಿಗೆ ಬಂದ ಹುಡುಗನನ್ನು ವಸ್ತಾದರು ಅಂದೇ ಕುಸ್ತಿಗೆ ಇಳಿಸುತ್ತಿರಲಿಲ್ಲ. ಮೊದಲು ಮಣ್ಣು ಅಗೆಯುವುದು, ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡುವುದು, ಕಸ ಗುಡಿಸುವುದು, ಹನುಮಪ್ಪನಿಗೆ ದೀಪ. ಆಮೇಲೆ ನಾಲ್ಕು ದಂಡ, ನಾಲ್ಕು ಬಸ್ಕಿ, ಲೆಕ್ಕ ಏರುವುದು ವಸ್ತಾದರ ಬಾಯಿಂದ. ಹುಡುಗನಿಗೆ ಇನ್ನೂ ಹುರುಪಿರುವಾಗಲೇ ‘ಇವತ್ತಿಗೆ ಸಾಕು’ ಎಂದುಬಿಡುತ್ತಿದ್ದರು. ಆ ಸಾಕೆಂಬ ಮಾತಿಗೆ ಮರುದಿನ ಅವನು ಹೊತ್ತಿಗೆ ಮೊದಲೇ ಬಂದು ನಿಲ್ಲುತ್ತಿದ್ದ. ಆದರೂ ಗರಡಿಯನ್ನು ಹೊಗಳುವಾಗ ಒಂದು ಕಣ್ಣು ತೆರೆದಿರಬೇಕು. ಅಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಹಾಲು, ತುಪ್ಪ, ಬಾದಾಮಿಗೆ ಮನೆಯಲ್ಲಿ ಗತಿಯಿಲ್ಲದವನು ಅಲ್ಲಿ ಬಹಳ ದಿನ ನಿಲ್ಲುವುದೂ ಕಷ್ಟವಿತ್ತು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಏರುವ ಲೆಕ್ಕ ಈ ಸೀಮೆಯ ಹುಡುಗರಿಗೆ ಈಗಲೂ ಚೆನ್ನಾಗಿ ಗೊತ್ತು, ತಮ್ಮ ಮೈಯ ವಿಷಯದಲ್ಲಿ ಮಾತ್ರ ಮರೆಯುತ್ತಾರೆ. ಹಾವೇರಿ ಜಿಲ್ಲೆಯಲ್ಲಿ ದೀಪಾವಳಿ ಎಂದರೆ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು, ಮೈಮೇಲೆ ಝೂಲ ತೊಟ್ಟ ಹೋರಿ ಜನರ ನಡುವೆ ನುಗ್ಗಿ ಓಡುತ್ತದೆ, ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯುತ್ತಾರೆ. ಹಾನಗಲ್ಲ, ಹಿರೇಕೆರೂರು ಕಡೆ ಒಳ್ಳೆಯ ಹೋರಿಗೆ ಸಿನಿಮಾ ನಟರಷ್ಟು ಅಭಿಮಾನಿಗಳು. ಇದರ ಅಪಾಯ, ಪ್ರಾಣಿಗೆ ಆಗುವ ಹಿಂಸೆಯ ಬಗ್ಗೆ ಇರುವ ತಕರಾರುಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹೋರಿ ಸಾಕುವ ಮನೆಯಲ್ಲಿ ಹಬ್ಬಕ್ಕೆ ತಿಂಗಳುಗಟ್ಟಲೆ ಮುಂಚೆ ನಡೆಯುವುದನ್ನು ಹೋಗಿ ನೋಡಬೇಕು. ನೆನೆಸಿದ ಹುರುಳಿ, ಹತ್ತಿಕಾಳು, ಹಿಂಡಿ, ತತ್ತಿ ಎಲ್ಲ ಅಳತೆಯಲ್ಲಿ. ಕೆರೆಯಲ್ಲಿ ಈಜಿಸುತ್ತಾರೆ, ಮೊದಲು ದಂಡೆಯ ಹತ್ತಿರ, ಆಮೇಲೆ ಒಳಕ್ಕೆ. ಓಟ ಕೊನೆಗೆ. ಮೈ ತಿಕ್ಕುತ್ತಾರೆ, ಕಾಲು ಮುಟ್ಟಿ ನೋಡುತ್ತಾರೆ, ಮೇವು ಮುಟ್ಟದಿದ್ದರೆ ಅಂದು ಬಿಡುವು. ‘ನಾಳೆ ದೀಪಾವಳಿ, ಇವತ್ತು ಹತ್ತು ಕಿಲೋಮೀಟರ್ ಓಡಿಸಿಬಿಡು’ ಎನ್ನುವವನನ್ನು ಆ ಮನೆಯವರು ಅಂಗಳಕ್ಕೆ ಸೇರಿಸಿಕೊಳ್ಳಲಿಕ್ಕಿಲ್ಲ. ಅದೇ ಮನೆಯ ಹುಡುಗ ಮುಂದಿನ ತಿಂಗಳು ಜಿಮ್ಮಿಗೆ ಸೇರಿ, ಗೆಳೆಯನ ಮದುವೆಯೊಳಗೆ ಮೈ ಕಟ್ಟಬೇಕೆಂದು ಮೊದಲ ದಿನವೇ ಬಾರ್‌ಬೆಲ್ಲಿನ ಕೆಳಗೆ ಮಲಗುತ್ತಾನೆ. ಹೋರಿಗೆ ತೋರಿದ ಮರ್ಯಾದೆಯನ್ನು ತನ್ನ ಮೈಗೆ ತೋರಿದರೆ ಅವನಿಗೆ ಬೇರೆ ಕೋಚು ಬೇಕಾಗಿಲ್ಲ.

ಎಷ್ಟು ಮಾಡಿದರೆ ಸಾಕು ಎಂಬುದಕ್ಕೂ ಉತ್ತರ ಸಣ್ಣದೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ ಎರಡು ದಿನ ಬಲದ ವ್ಯಾಯಾಮ, ಅದರ ಜೊತೆಗೆ 150ರಿಂದ 300 ನಿಮಿಷದ ಚುರುಕು ನಡಿಗೆಯಂಥದು. ವಾರಕ್ಕೆ ಆರು ದಿನ ಎಂದು ಬೋರ್ಡು ಬರೆದುಕೊಂಡವನಿಗಿಂತ ಮಂಗಳವಾರ ಮತ್ತು ಶುಕ್ರವಾರ, ಅದೇ ಗೆಳೆಯನ ಜೊತೆ, ಅದೇ ಹೊತ್ತಿಗೆ ಎಂದುಕೊಂಡವನ ಮೇಲೆ ನನಗೆ ಭರವಸೆ ಹೆಚ್ಚು. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಲು ಕಾಲೇಜು ಮೈದಾನದಲ್ಲಿ ನಸುಕಿಗೇ ಸೇರುವ ಹುಡುಗರು ಗಡಿಯಾರದಂತೆ ಬರುತ್ತಾರೆ, ನಿಜ. ಪರೀಕ್ಷೆ ಮುಗಿದ ಮರುದಿನ ಅವರಲ್ಲಿ ಎಷ್ಟು ಜನ ಮೈದಾನದಲ್ಲಿ ಇರುತ್ತಾರೆ ಎಂದೂ ನೋಡಬೇಕು.

ಗಾದೆ ಮುಟ್ಟದೆ ಬಿಟ್ಟದ್ದು ಒಂದಿದೆ. ಅಗಸ ನಾಲ್ಕು ದಿನ ಹಳ್ಳಕ್ಕೆ ಬರಲಿಲ್ಲ ಎನ್ನಿ, ಐದನೆಯ ದಿನ ಅವನನ್ನು ಹೇಗೆ ಕಂಡರು? ನಮ್ಮ ಸೀಮೆಯಲ್ಲಿ ನಡುವೆ ಬಿಡುವುದು ತಪ್ಪುವ ಮಾತೇ ಅಲ್ಲ. ಮುಂಗಾರು ಬಿದ್ದರೆ ಬಿತ್ತನೆ, ದೀಪಾವಳಿಯ ಆಸುಪಾಸಿನಲ್ಲಿ ಗೋವಿನಜೋಳದ ಕಟಾವು, ಆಮೇಲೆ ಜಾತ್ರೆ, ಬೇಸಿಗೆಯಲ್ಲಿ ಮದುವೆಗಳ ಸಾಲು. ಮೂರು ವಾರ ತಪ್ಪಿತೆಂದರೆ ‘ಇನ್ನೇನು ಹೋತು’ ಎಂದು ಕೈಬಿಡುತ್ತಾರೆ. ಮೈಯ ಲೆಕ್ಕ ಬೇರೆ. ಎರಡು ಮೂರು ವಾರದ ಬಿಡುವಿನಲ್ಲಿ ಗಳಿಸಿದ ಬಲ ಹೆಚ್ಚೇನೂ ಇಳಿಯುವುದಿಲ್ಲ; ಅದಕ್ಕಿಂತ ಹೆಚ್ಚು ದಿನ ಬಿಟ್ಟರೂ ಮೊದಲ ಸಲಕ್ಕಿಂತ ಬೇಗ ಮರಳಿ ಬರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಹೊಸ ರೂಢಿಗಳನ್ನು ಹಿಂಬಾಲಿಸಿ ನೋಡಿದಾಗ ಒಂದು ರೂಢಿ ನೆಲೆಗೊಳ್ಳಲು ನಡುಮಟ್ಟದ ಲೆಕ್ಕದಲ್ಲಿ 66 ದಿನ ಹಿಡಿಯಿತು; ಕೆಲವರಿಗೆ 18, ಕೆಲವರಿಗೆ 254 ಎಂದು ಅಂದಾಜು. ಇಪ್ಪತ್ತೊಂದು ದಿನದಲ್ಲಿ ರೂಢಿ ಬೀಳುತ್ತದೆ ಎಂಬುದು ಬರೀ ಮಾತು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗಲಿಲ್ಲ ಎಂಬುದೂ ಅಲ್ಲೇ ಕಂಡದ್ದು.

ಅಮೆರಿಕದಲ್ಲಿ ಕೇಟಿ ಮಿಲ್ಕ್‌ಮನ್ ಮತ್ತು ಜೊತೆಗಾರರು ಒಂದು ಜಿಮ್ ಸರಣಿಯ 61 ಸಾವಿರಕ್ಕೂ ಹೆಚ್ಚು ಸದಸ್ಯರ ಮೇಲೆ ನಾಲ್ಕು ವಾರದ 54 ಬಗೆಯ ಉಪಾಯಗಳನ್ನು ಪ್ರಯೋಗಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಯಾವುದು ಗೊತ್ತೆ? ಒಂದು ದಿನ ತಪ್ಪಿಸಿಕೊಂಡವನು ಮರಳಿ ಬಂದರೆ ಕೊಡುವ ಕೆಲವೇ ಕಾಸಿನ ಬಹುಮಾನ. ತಪ್ಪದೆ ಬಂದವನಿಗಲ್ಲ, ತಪ್ಪಿ ಬಂದವನಿಗೆ. ನಾಲ್ಕು ವಾರ ಮುಗಿದ ಮೇಲೆ ಬಹುತೇಕ ಉಪಾಯಗಳ ಪ್ರಭಾವ ಇಳಿದುಹೋಯಿತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ನಮ್ಮ ಜಿಮ್ಮುಗಳಲ್ಲಿ ಮರಳಿ ಬಂದವನಿಗೆ ಸಿಗುವುದು ಬೇರೆ. “ಏನ್ ಪೈಲವಾನ್ರ, ದಾರಿ ತಪ್ಪಿ ಬಂದ್ರೇನು?” ಎಂದು ಒಬ್ಬ ಕೇಳುತ್ತಾನೆ, ಎಲ್ಲರೂ ನಗುತ್ತಾರೆ, ಪ್ರೀತಿಯಿಂದಲೇ. ಆ ನಗುವಿಗೆ ಅಂಜಿ ಅರ್ಧ ಜನ ಮೆಟ್ಟಿಲನ್ನೇ ಹತ್ತುವುದಿಲ್ಲ. ಹತ್ತಿದವನು ಮರ್ಯಾದೆ ಉಳಿಸಿಕೊಳ್ಳಲು ಬಿಟ್ಟ ದಿನದ ಭಾರವನ್ನೇ ಎತ್ತಿ ಮತ್ತೆ ಮೂರು ದಿನ ಹಾಸಿಗೆ ಹಿಡಿಯುತ್ತಾನೆ. ಬಿತ್ತನೆ ಮುಗಿಸಿ ಬಂದವನಿಗೆ ಅರ್ಧ ಭಾರ, ಅರ್ಧ ತಾಸು ಎಂದು ಜಿಮ್ಮಿನವರೇ ನಿಯಮ ಮಾಡಿಬಿಟ್ಟರೆ ಅವನು ಎತ್ತಿ ತೋರಿಸಬೇಕಾದ ಪ್ರಮೇಯ ಬರುವುದಿಲ್ಲ.

ಫೀಯ ಮಾತೂ ಇದೆ. ವರ್ಷದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ, ರೊಕ್ಕ ಕಟ್ಟಿದರೆ ಹೋಗಲೇಬೇಕಾಗುತ್ತದೆ ಎಂದು ಹೊಸಬನೂ ನಂಬುತ್ತಾನೆ. ಡೆಲ್ಲಾವಿನ್ಯ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲೇ ತೋರಿಸಿದಂತೆ ಅಮೆರಿಕದ ಜಿಮ್ಮುಗಳಲ್ಲಿ ತಿಂಗಳ ಫೀ ಕಟ್ಟಿದವರು ಒಂದೊಂದು ಭೇಟಿಗೆ 17 ಡಾಲರಿಗೂ ಹೆಚ್ಚು ತೆತ್ತಿದ್ದರು. ಹತ್ತು ಭೇಟಿಯ ಪಾಸು ಕೊಂಡಿದ್ದರೆ ಭೇಟಿಗೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಕಟ್ಟಿದ ರೊಕ್ಕ ಯಾರನ್ನೂ ಹಾಸಿಗೆಯಿಂದ ಎಬ್ಬಿಸಲಿಲ್ಲ. ನಮ್ಮ ತಾಲ್ಲೂಕು ಊರುಗಳಿಗೆ ಹೊಂದುವುದು ಭೇಟಿಯ ಪಾಸು, ಇಲ್ಲವೆ ಬಿತ್ತನೆಯ ತಿಂಗಳನ್ನು ಮುಂದಕ್ಕೆ ಹಾಕಿಕೊಡುವ ತಿಂಗಳ ಫೀ. “ಬಾಡಿಗಿ ಯಾರು ಕೊಡ್ತಾರ್ರೀ?” ಎಂದು ಜಿಮ್ಮಿನವರು ಕೇಳಬಹುದು, ಕೇಳಬೇಕಾದದ್ದೇ. ಜೂನ್ ತಿಂಗಳ ಫೀ ಬಿಟ್ಟುಕೊಟ್ಟದ್ದು ಅವರ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಆಗಸ್ಟಿನಲ್ಲಿ ನಾಚಿಕೆಗೆ ಬಾರದೇ ಹೋದವನ ಫೀ ಎಲ್ಲಿಯೂ ಕಾಣುವುದಿಲ್ಲ. ಎಡೆ ಹೊಡೆಯುವ ಕೆಲಸ ಮುಗಿದ ಮೇಲೆ ಅಂಥವನಿಗೆ ಒಂದು ಫೋನ್ ಮಾಡಿ, “ನಾಳಿಗೆ ಬಾರಪ್ಪ, ಅರ್ಧ ತಾಸು ಸಾಕು” ಎನ್ನಲು ಬಾಡಿಗೆಯೇನೂ ಬೀಳುವುದಿಲ್ಲ.