ರಸವಿಘ್ನ: ಅಡ್ಡಿ ಯಾರಲ್ಲಿ?

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ದನಿ ಕೇಳಿ ‘ಇದೇನು, ಗಂಡಸು ಹಾಡಿದ ಹಾಗಿದೆ’ ಎಂದು ರೇಡಿಯೊ ಬಂದ್ ಮಾಡಿದವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಲ್ಲೇ ಕೆಲವರು ಮುಂದೆ ಅದೇ ದನಿಗೆ ಮನಸೋತಿದ್ದಾರೆ. ಹೈದರಾಬಾದಿನ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹುಬ್ಬಳ್ಳಿಯ ಎಂಜಿನಿಯರ್ ಒಬ್ಬರಿದ್ದಾರೆ. ಊರಲ್ಲಿದ್ದಾಗ ಬೇಡವಾಗಿದ್ದ ಆ ಹಾಡನ್ನು ಈಗ ಆಫೀಸಿನಿಂದ ಬಂದವರೇ ಹಚ್ಚಿಕೊಂಡು ಕೂರುತ್ತಾರೆ. ಧ್ವನಿಮುದ್ರಣ ಅದೇ. ಹಾಗಾದರೆ ಬದಲಾದದ್ದು ಏನು?

ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ಇದಕ್ಕೆ ತೀರ ಹತ್ತಿರದ ವಿಚಾರವೊಂದನ್ನು ಎತ್ತಿಕೊಂಡಿದ್ದ. ನಾಟ್ಯಶಾಸ್ತ್ರಕ್ಕೆ ಬರೆದ ‘ಅಭಿನವಭಾರತಿ’ ವ್ಯಾಖ್ಯಾನದಲ್ಲಿ ಅವನು ಏಳು ರಸವಿಘ್ನಗಳನ್ನು ಹೇಳುತ್ತಾನೆ. ರಸ ಹುಟ್ಟದಂತೆ ತಡೆಯುವ ಅಡ್ಡಿಗಳು ಇವು. ಅಸ್ಪಷ್ಟತೆಯಂಥ ಕೆಲವು ಕೃತಿಗೆ ಸೇರಿದವು. ಆದರೆ ಎರಡು ನೋಡುವವನ ಒಳಗೇ ಇರುತ್ತವೆ: ತನ್ನ ಸುಖದುಃಖದಲ್ಲಿ ಮುಳುಗಿಹೋಗಿರುವುದು, ಎದುರಿಗಿರುವುದನ್ನು ‘ನನ್ನದು’, ‘ಅವರದು’ ಎಂದು ಒಂದು ದೇಶ, ಒಂದು ಕಾಲಕ್ಕೆ ಕಟ್ಟಿಹಾಕಿ ನೋಡುವುದು. ಅವನು ಹೇಳಿದ್ದು ನಾಟಕದ ಮಾತು. ಸಂಗೀತಕ್ಕೆ ಅದನ್ನು ಹೊಂದಿಸುತ್ತಿರುವುದು ನಾನು.

ಹೆಣ್ಣುದನಿ ಸಣ್ಣಗೆ, ಎತ್ತರಕ್ಕೇ ಇರಬೇಕೆಂಬುದು ಸಿನಿಮಾ ಹಾಡು ಕೇಳಿ ಬೆಳೆದ ಒಂದು ಕಾಲದ ನಿರೀಕ್ಷೆ. ಗಂಗೂಬಾಯಿಯವರದೂ ಮೊದಲು ಅಂಥದೇ ದನಿ. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಅವರ ಪ್ಲೇಟುಗಳಲ್ಲಿ ಅದನ್ನು ಕೇಳಬಹುದು. ಗಂಟಲಿನ ಚಿಕಿತ್ಸೆಯ ನಂತರ ದನಿ ತಗ್ಗಿ ಗಡುಸಾಯಿತು. ಕಳೆದುಹೋದ ದನಿಯ ಬೆನ್ನು ಹತ್ತದೆ, ಉಳಿದ ದನಿಯಲ್ಲೇ ಅವರು ಗಾಯನ ಕಟ್ಟಿದರು. ಅದಕ್ಕೆ ಬೇಕಾದ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇಲ್ಲೊಂದು ತಕರಾರು ಏಳುತ್ತದೆ: ಪದೇ ಪದೇ ಕೇಳಿದರೆ ಯಾವುದಾದರೂ ಒಗ್ಗುತ್ತದೆ, ಇದರಲ್ಲಿ ತತ್ತ್ವ ಎಲ್ಲಿ ಬಂತು? ಆದರೆ ಒಗ್ಗುವುದೇ ಬೇರೆ. ಫ್ಯಾನಿನ ಸದ್ದು ಒಗ್ಗಿದ ಮೇಲೆ ಕಿವಿಗೆ ಬೀಳುವುದೇ ಇಲ್ಲ. ರಸಾನುಭವದಲ್ಲಿ ಮೊದಲು ಕೇಳದ್ದು ಕೇಳಿಸತೊಡಗುತ್ತದೆ. ಮಾರವಾ ರಾಗವನ್ನೇ ನೋಡಿ. ಅದು ಷಡ್ಜವನ್ನು ತಪ್ಪಿಸುತ್ತ ಕೋಮಲ ರಿಷಭ, ಶುದ್ಧ ಧೈವತಗಳ ಮೇಲೆ ನಿಲ್ಲುತ್ತದೆ. ಗಂಗೂಬಾಯಿಯವರ ಕಿರಾಣಾ ಘರಾಣೆಯವರು ಒಂದೊಂದೇ ಸ್ವರವನ್ನು ನಿಧಾನವಾಗಿ ಬೆಳೆಸುತ್ತಾರೆ. ‘ಈಗ ಸಾ ಹಚ್ಚತಾರ ಅನಸ್ತದ್ರೀ, ಹಚ್ಚಂಗಿಲ್ಲ, ಕಾಯಸ್ತಾರ’ ಎಂದು ಆ ಎಂಜಿನಿಯರ್ ಬೆರಳೆತ್ತಿ ತೋರಿಸುತ್ತಾರೆ. ಹೀಗೆ ತೋರಿಸಬಲ್ಲವರ ಮೆಚ್ಚುಗೆ ಬರೀ ರೂಢಿಯಲ್ಲ.

ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಕೂಡ 1757ರ ತನ್ನ ಪ್ರಬಂಧದಲ್ಲಿ ಅಭಿರುಚಿಗೆ ಅಭ್ಯಾಸ ಬೇಕು, ಪೂರ್ವಗ್ರಹ ಕಳೆಯಬೇಕು ಎಂದ. ಆದರೆ ಅಭಿನವಗುಪ್ತನಲ್ಲಿ ಇನ್ನೂ ಉದಾರವಾದ ಮಾತಿದೆ. ತನ್ನ ಸುಖದುಃಖದಲ್ಲಿ ಸಿಕ್ಕಿಕೊಂಡವನಿಗೆ ಅವನು ಹೇಳುವ ಮದ್ದು ವಾದ್ಯ, ಗಾನ, ಅಂದವಾದ ರಂಗಮಂಟಪ. ಹೃದಯ ಜಡವಾದವನನ್ನೂ ಅವು ತಿಳಿಗೊಳಿಸಿ ಸಹೃದಯನನ್ನಾಗಿ ಮಾಡುತ್ತವಂತೆ. ಎಂದರೆ ಸಹೃದಯರು ಹುಟ್ಟಿನಿಂದಲೇ ಆಗಿರಬೇಕಿಲ್ಲ. ಕೇಳುಗನನ್ನು ತಯಾರು ಮಾಡುವುದೂ ಕಲೆಯದೇ ಕೆಲಸ. ಹಾಗೆಂದು ಒಮ್ಮೆ ಕೇಳುವುದು ಬಿಟ್ಟ ಗಾಯಕರನ್ನೆಲ್ಲ ಮತ್ತೆ ಮೆಚ್ಚಲೇಬೇಕೆಂದಿಲ್ಲ. ಅಡ್ಡಿ ಹಾಡಿನಲ್ಲೇ ಇರುವುದೂ ಉಂಟು, ಅವನ ಪಟ್ಟಿ ಅದಕ್ಕೂ ಜಾಗ ಬಿಟ್ಟಿದೆ.