ಬಂಧುತ್ವದ ಹೊಸ್ತಿಲು



ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಇಂದು ಉನ್ನತಾಧಿಕಾರದಲ್ಲಿರುವ ಶಿಷ್ಯರೊಬ್ಬರು ಈಚೆಗೆ ದರ್ಶನಕ್ಕೆ ಬಂದಿದ್ದರು. "ಬುದ್ಧೀ, ನನ್ನ ಸ್ನೇಹಿತರು ಕೆಲವರು ಫ್ರೀಮೇಸನ್ ಸಂಘದಲ್ಲಿದ್ದಾರೆ. ನನಗೂ ಸೇರುವ ಮನಸ್ಸಾಗಿದೆ. ಆದರೆ ಅಲ್ಲಿ ಪ್ರಮಾಣ ಮಾಡಬೇಕಂತೆ. ದೀಕ್ಷೆ ಪಡೆದವನು ಇನ್ನೊಂದು ಪ್ರಮಾಣಕ್ಕೆ ಒಳಗಾಗಬಹುದೆ?" ಎಂದು ಕೇಳಿದರು. ಪ್ರಶ್ನೆ ಒಬ್ಬರದಾದರೂ ವಿಚಾರ ಎಲ್ಲರಿಗೂ ಸೇರಿದ್ದು.

ಕಲ್ಲುಕುಟಿಗರ ಮೂಲೆಮಟ್ಟ, ಕೈವಾರಗಳನ್ನು ನೀತಿಯ ಸಂಕೇತಗಳನ್ನಾಗಿ ಮಾಡಿಕೊಂಡ ಈ ಸಂಘದ ನಿಯಮಗ್ರಂಥವು 1723ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಭಾರತಕ್ಕೇ ಪ್ರತ್ಯೇಕವಾದ ಗ್ರಾಂಡ್ ಲಾಡ್ಜ್ 1961ರಲ್ಲಿ ಸ್ಥಾಪಿತವಾಯಿತು. ಹೊಸಬನು ಅಲ್ಲಿ ತನ್ನ ಧರ್ಮಗ್ರಂಥದ ಮೇಲೆಯೇ ಪ್ರಮಾಣ ಮಾಡುತ್ತಾನೆ. ದೈವ, ದೇಶ, ಕುಟುಂಬಗಳಿಗೆ ಸಲ್ಲಬೇಕಾದ ಕರ್ತವ್ಯಕ್ಕೆ ವಿರೋಧವಾದುದು ಈ ಪ್ರಮಾಣದಲ್ಲಿ ಯಾವುದೂ ಇಲ್ಲವೆಂದು ಅವನಿಗೆ ಮೊದಲೇ ಭರವಸೆ ಕೊಡಲಾಗುತ್ತದೆ. ಆದುದರಿಂದ ದೀಕ್ಷಾಭಂಗದ ಭಯಕ್ಕೆ ಕಾರಣವಿಲ್ಲ. ಆದರೆ ಭರವಸೆ ಕೊಡುವವರು ಅನ್ಯರು. ಅದನ್ನು ದಿನದಿನವೂ ಪರೀಕ್ಷಿಸಿ ನೋಡುವ ಹೊಣೆ ಮಾತ್ರ ಪ್ರಮಾಣ ಮಾಡಿದವನದು. ಕೊಟ್ಟ ಮಾತಿಗಾಗಿ ಅಂತಃಸಾಕ್ಷಿಯನ್ನು ಒತ್ತೆ ಇಡುವ ಅಧಿಕಾರ ಯಾರಿಗೂ ಇಲ್ಲ.

ಆ ಪ್ರವೇಶವಿಧಿಯಲ್ಲಿ ಮನನಯೋಗ್ಯವಾದ ಒಂದು ಸಂದರ್ಭವಿದೆ. ಒಳಗೆ ಬರುವ ಮುನ್ನ ಅವನಲ್ಲಿರುವ ಹಣವನ್ನೂ ಲೋಹದ ವಸ್ತುಗಳನ್ನೂ ತೆಗೆದಿರಿಸಿ, ಕಣ್ಣು ಕಟ್ಟುತ್ತಾರೆ. ಪ್ರಮಾಣವಾಗಿ ಕಟ್ಟು ಬಿಚ್ಚಿದ ಮೇಲೆ, ದೀನರಿಗಾಗಿ ಏನಾದರೂ ಕೊಡು ಎಂದು ಕೇಳುತ್ತಾರೆ. ಕೊಡಲು ಅವನ ಬಳಿ ಬಿಡಿಗಾಸೂ ಇರುವುದಿಲ್ಲ. ಮುಂದೆ ಕಷ್ಟದಲ್ಲಿರುವ ಸೋದರನನ್ನು ಕಂಡಾಗ ಈ ಗಳಿಗೆಯನ್ನು ನೆನೆ ಎಂಬುದೇ ಅಲ್ಲಿನ ಬೋಧೆ. ಬರಿಗೈಯ ಸಂಕಟವನ್ನು ಅನುಭವಕ್ಕೆ ತರುವ ಈ ವಿಧಾನ ಶ್ಲಾಘ್ಯವಾದುದು.

ಆದರೆ 'ಸೋದರ' ಎಂದರೆ ಯಾರು? ವಾಚಕರೇ, ಪ್ರಶ್ನೆಯ ಮರ್ಮ ಇಲ್ಲಿದೆ. ವಿಶ್ವಬಂಧುತ್ವವನ್ನು ಸಾರಿದ ಈ ಸಂಘವೇ ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತರೆಂಬವರು ಪ್ರವೇಶ ಬಯಸಿದಾಗ, ಹಿಂದುವಿಗೆ ಏಕದೇವನಲ್ಲಿ ನಂಬಿಕೆಯುಂಟೆ ಎಂದು ಸಂಶಯಪಟ್ಟಿತು. ಹಲವು ವರ್ಷಗಳ ವಾದವಿವಾದದ ಬಳಿಕ, 1872ರಲ್ಲಿ ಅವರಿಗೆ ಬಾಗಿಲು ತೆರೆಯಿತು. ಅದೇ ನಗರದಲ್ಲಿ 1884ರಲ್ಲಿ, ಮುಂದೆ ವಿವೇಕಾನಂದರಾದ ತರುಣ ನರೇಂದ್ರನಾಥರೂ ಸದಸ್ಯರಾದರು. ಭಾರತದ ಗ್ರಾಂಡ್ ಲಾಡ್ಜಿನ ಶಾಖೆಗಳಲ್ಲಿ ಸ್ತ್ರೀಯರಿಗೆ ಇಂದಿಗೂ ಪ್ರವೇಶವಿಲ್ಲ. ಒಳಗಿನವರು ಪರಸ್ಪರ ಎಷ್ಟು ಪ್ರೀತಿಸುತ್ತಾರೆಂಬುದರಿಂದ ಸಂಘವೊಂದರ ಯೋಗ್ಯತೆ ಪೂರ್ತಿಯಾಗಿ ತಿಳಿಯದು. ಹೊಸ್ತಿಲಾಚೆ ನಿಂತವನನ್ನು ಹೇಗೆ ಕಾಣುತ್ತಾರೆಂಬುದೇ ಅದರ ಒರೆಗಲ್ಲು.

ಆದ್ದರಿಂದ ಶಿಷ್ಯರಿಗೆ ನಾವು ಒಂದೇ ಮಾತು ಕೇಳಿದೆವು: "ಸೇರುವುದಾದರೆ ಸೇರಿ. ನಾಳೆ ನಿಮ್ಮ ಕಚೇರಿಗೆ ಸಂಘದ ಸೋದರನೊಬ್ಬ ಕಡತ ಹಿಡಿದು ಬಂದಾಗ, ಬೆಳಗಿನಿಂದ ಕಾದು ಕುಳಿತ ಅಪರಿಚಿತ ರೈತನೊಬ್ಬ ಬಾಗಿಲಲ್ಲಿದ್ದರೆ ಯಾರನ್ನು ಮೊದಲು ಕರೆಯುತ್ತೀರಿ?"

ಅವರು ಕೆಲಕಾಲ ಮೌನವಾಗಿದ್ದು, "ಮಠದ ಹಳೆಯ ವಿದ್ಯಾರ್ಥಿ ಬಂದರೂ ಇದೇ ಪ್ರಶ್ನೆಯಲ್ಲವೆ, ಬುದ್ಧೀ?" ಎಂದರು.

ಆ ಮಾತು ನಮ್ಮನ್ನು ತಟ್ಟಿತು. 'ನಮ್ಮ ಮಠದ ಹುಡುಗ' ಎಂಬ ಒಂದೇ ಕಾರಣಕ್ಕೆ, ಅರ್ಹತೆಯನ್ನು ವಿಚಾರಿಸದೆ ಶಿಫಾರಸು ಪತ್ರ ಬರೆದುಕೊಟ್ಟ ತಪ್ಪು ನಮ್ಮಿಂದಲೂ ನಡೆದಿದೆ. ಆ ಪತ್ರದಿಂದ ಅವಕಾಶ ತಪ್ಪಿದ ಬಡವನ ಮುಖವನ್ನು ನಾವು ಕಂಡಿಲ್ಲ. ಕಾಣದಿದ್ದುದರಿಂದಲೇ ಅಂದು ಬರೆಯುವುದು ಸುಲಭವಾಯಿತು. ಶಿಷ್ಯರೆದುರು ಇದನ್ನು ಒಪ್ಪಿಕೊಂಡೆವು.

ಬಂಧುತ್ವವೆಂಬುದು ಮನೆಯಲ್ಲಿ ಹಚ್ಚಿದ ದೀಪ. ಬಾಗಿಲು ಮುಚ್ಚಿದರೆ ಒಳಗಿನವರಿಗಷ್ಟೇ ಬೆಳಕು. ತೆರೆದರೆ ದಾರಿಹೋಕನಿಗೂ ದಾರಿ ಕಾಣುತ್ತದೆ. ವಾಚಕರೇ, ನೀವು ಯಾವ ಸಂಘವನ್ನು ಸೇರಿದರೂ, ಈಗಾಗಲೇ ಯಾವುದರಲ್ಲಿದ್ದರೂ, ಆ ಬರಿಗೈಯ ಗಳಿಗೆ ನಿಮಗೆ ನೆನಪಿರಲಿ. ನಮಗೂ ಇರಲಿ.