ಜಲಗಾಲನ ವ್ರತವೂ ನಮ್ಮೂರ ಹೊಳೆಯೂ



ಈ ಬಾರಿಯ ಉತ್ಸವ ಸಂಚಿಕೆಗೆ ಒಂದು ಧರ್ಮಚಿಂತನೆಯನ್ನು ಬರೆದುಕೊಡಬೇಕೆಂದು ಟ್ರಸ್ಟಿನ ಹಿರಿಯರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆನು. ನಾನು ಶಾಸ್ತ್ರಾಧ್ಯಯನ ಮಾಡಿದವನಲ್ಲ. ಮೆಟ್ರಿಕ್ ಮುಗಿಸಿ ತಂದೆಯವರ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ಇಂದಿಗೂ ಅಲ್ಲಿಯೇ ಇದ್ದೇನೆ. ಆದರೆ ನೀರಿನ ವಿಷಯದಲ್ಲಿ ಒಬ್ಬ ವ್ಯಾಪಾರಿಯೇ ಬಾಯಿಬಿಟ್ಟು ಹೇಳಬೇಕಾದ ಮಾತೊಂದಿದೆ ಎಂದು ತೋರಿದ್ದರಿಂದ ಒಪ್ಪಿಕೊಂಡೆನು. ದೋಷವಿದ್ದಲ್ಲಿ ವಿದ್ವಜ್ಜನರು ಕ್ಷಮಿಸಬೇಕು.

ನಮ್ಮ ಮನೆಗಳಲ್ಲಿ ಮಾತು ಬೇರೆ ಬೇರೆ. ಕೆಲವರಲ್ಲಿ ತುಳು, ಕೆಲವರಲ್ಲಿ ಕನ್ನಡ, ವ್ಯಾಪಾರಕ್ಕೆಂದು ಬಂದು ನೆಲೆಸಿದವರಲ್ಲಿ ಗುಜರಾತಿ, ಮಾರವಾಡಿ. ಶಾಲೆಗೆ ಹೋಗುವ ಮಕ್ಕಳ ಬಾಯಲ್ಲಿ ಮಲಯಾಳ. ಆದರೆ ನೀರನ್ನು ಗಾಳಿಸಿ ಕುಡಿಯಬೇಕೆಂಬ ನಿಯಮ ಎಲ್ಲರಿಗೂ ಒಂದೇ. ನೀರನ್ನೇ ಶರೀರವಾಗಿ ಉಳ್ಳ ಅಪ್ಕಾಯಿಕ ಜೀವಗಳಿವೆ. ನೀರನ್ನು ಆಶ್ರಯಿಸಿದ ತ್ರಸಜೀವಗಳೂ ಇವೆ. ಆದುದರಿಂದ ದಪ್ಪನೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಗಾಳಿಸುತ್ತೇವೆ. ಗಾಳಿಸಿದ ನೀರಿಗೂ ಒಂದು ಮುಹೂರ್ತದ, ಎಂದರೆ 48 ನಿಮಿಷಗಳ ಮಿತಿಯಿದೆ. ಇಷ್ಟನ್ನು ಮಕ್ಕಳೂ ಬಲ್ಲರು. ಮರೆತುಹೋಗುತ್ತಿರುವುದು ವ್ರತದ ಉತ್ತರಾರ್ಧ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಗಾಳಿಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ನೀರನ್ನು ಎಲ್ಲಿಂದ ಸೇದಿದೆವೋ ಅದೇ ಬಾವಿಗೆ, ಅದೇ ಹೊಳೆಗೆ ಮರಳಿ ಬಿಡಬೇಕು. ಒಂದು ಬಾವಿಯದನ್ನು ಇನ್ನೊಂದಕ್ಕೆ ಸುರಿಯುವಂತಿಲ್ಲ. ಹಿಂದಿ ಮಾತನಾಡುವ ಬಂಧುಗಳು ಇದನ್ನು ಜೀವಾಣಿ ಎನ್ನುತ್ತಾರೆ. ಗುಜರಾತಿ ಮನೆಗಳಲ್ಲಿ ಸಂಖಾರೊ.

2016ರಲ್ಲಿ ಮುಂಗಾರೂ ತುಲಾ ಮಳೆಯೂ ಕೈಕೊಟ್ಟವು. ಕೇರಳ ಸರಕಾರವು ಅಕ್ಟೋಬರಿನಲ್ಲಿಯೇ ಇಡೀ ರಾಜ್ಯವನ್ನು ಬರಪೀಡಿತವೆಂದು ಸಾರಿತು. ಮರುವರ್ಷ ಮಹಾವೀರ ಜಯಂತಿಯ ವೇಳೆಗೆ ಬಸದಿಯ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿರಲಿಲ್ಲ. ಅಭಿಷೇಕದ ನೀರನ್ನು ಬೇರೆಯವರ ಬಾವಿಯಿಂದ ಹೊತ್ತು ತಂದೆವು. ಆಗ ಸಭೆಯಲ್ಲಿ ಎದ್ದು ನಿಂತು, ಬಸದಿಯ ಹಿಂಭಾಗದಲ್ಲಿ ಕೊಳವೆಬಾವಿ ಕೊರೆಸೋಣ, ಪೈಪು ಪಂಪುಗಳು ನನ್ನ ಸೇವೆ ಎಂದವನು ನಾನೇ. ಸಭೆ ಚಪ್ಪಾಳೆ ತಟ್ಟಿತು. ನಮ್ಮ ಇಂದ್ರರು ಮಾತ್ರ ತಗ್ಗಿದ ದನಿಯಲ್ಲಿ ಕೇಳಿದರು: "ಅಣ್ಣಾ, ಆರುನೂರು ಅಡಿ ಆಳದ ಆ ತೂತಿಗೆ ಜೀವಾಣಿಯನ್ನು ಮರಳಿಸುವುದು ಹೇಗೆ? ಮುನಿಗಳ ವಿಹಾರವಾದರೆ ಅವರ ಆಹಾರಕ್ಕೆ ಯಾವ ನೀರು ಇಡುವುದು?"

ನನ್ನಲ್ಲಿ ಉತ್ತರವಿರಲಿಲ್ಲ. ಸಭೆಯಲ್ಲಿಯೂ ಇರಲಿಲ್ಲ. ಕೊಳವೆಬಾವಿಯ ಮಾತು ಅಲ್ಲಿಗೇ ನಿಂತಿತು.

ಆ ಮಳೆಗಾಲದಲ್ಲಿ ನಾನು ಶ್ರಾವಕಾಚಾರದ ಗ್ರಂಥಗಳನ್ನು ಹಿರಿಯರೊಬ್ಬರಿಂದ ಓದಿಸಿ ಕೇಳಿದೆನು. 13ನೆಯ ಶತಮಾನದ ಆಶಾಧರ ಪಂಡಿತರು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ಉದ್ಯೋಗಗಳನ್ನು ಹೇಳಿದ್ದಾರೆ. ಶ್ವೇತಾಂಬರ ಬಂಧುಗಳಿಗೆ ಇವೇ ಹದಿನೈದು ಕರ್ಮಾದಾನಗಳೆಂದು ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಿಂದ ಪರಿಚಿತ. ಕಾಡು ಕಡಿಯುವ ವೃತ್ತಿ, ದಂತದ ವ್ಯಾಪಾರ, ವಿಷದ ವ್ಯಾಪಾರ ಮುಂತಾದವುಗಳ ನಡುವೆ ಸರಃಶೋಷ ಎಂಬುದೊಂದಿದೆ: ಕೆರೆ, ಮಡು, ಜಲಾಶಯಗಳನ್ನು ಬತ್ತಿಸುವುದು. (ವಿಷವಾಣಿಜ್ಯದ ವಿಷಯವನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಎಣ್ಮಕಜೆಯ ತೋಡುಗಳಿಗೂ ಮನೆಗಳಿಗೂ ಏನು ಮಾಡಿತೆಂಬುದನ್ನು ನಾವು ಕಂಡಿದ್ದೇವೆ.)

ಪಂಪು ಮಾರುವುದೇ ಸರಃಶೋಷ ಎಂದು ನಾನು ವಾದಿಸುವುದಿಲ್ಲ. ಧಾನ್ಯ ಬಿತ್ತುವುದಕ್ಕಾಗಿ ಕೆರೆಯ ನೀರನ್ನು ಹರಿಯಬಿಟ್ಟು ಒಣಗಿಸುವುದನ್ನು ಕುರಿತು ಹಿರಿಯರು ಹಾಗೆ ಹೇಳಿದರು. ಆದರೆ ಮೂವತ್ತು ವರ್ಷಗಳಿಂದ ನನ್ನ ಅಂಗಡಿಯಿಂದ ಹೊರಟ ಪಂಪುಗಳು ಎಷ್ಟೆಂಬ ಲೆಕ್ಕ ನನ್ನಲ್ಲಿಲ್ಲ. ಹೆಚ್ಚು ಆಳಕ್ಕೆ ಹೋಗಿ ಎಂದು ಗಿರಾಕಿಗಳಿಗೆ ಸಲಹೆ ಕೊಟ್ಟವನೂ ನಾನು. 2017ರ ಅಂತರ್ಜಲ ಗಣನೆಯಲ್ಲಿ ಕೇರಳದ ಗಂಭೀರ ಸ್ಥಿತಿಯ ಬ್ಲಾಕುಗಳಲ್ಲಿ ಕಾಸರಗೋಡು ಬ್ಲಾಕಿನ ಹೆಸರಿತ್ತು. ಪ್ರತಿಕ್ರಮಣಕ್ಕೆ ಕುಳಿತಾಗ ಯಾವುದನ್ನು ಹೇಳಿಕೊಳ್ಳಬೇಕೆಂದು ಹುಡುಕಬೇಕಾದ ಅಗತ್ಯ ಅಂದಿನಿಂದ ನನಗೆ ಬಂದಿಲ್ಲ.

ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲಿಯೇ ಹರಿಯುತ್ತವೆ. ನಮ್ಮ ಮಂಜೇಶ್ವರ ಹೊಳೆ ರಾಜ್ಯದಲ್ಲಿಯೇ ಅತಿ ಚಿಕ್ಕದು. ಕರ್ನಾಟಕದ ಬಾಳೆಪುಣಿ ಗುಡ್ಡದಲ್ಲಿ ಹುಟ್ಟಿ 16 ಕಿ.ಮೀ. ಹರಿದು ಕಡಲು ಸೇರುತ್ತದೆ. ಗಡಿ ದಾಟುವಾಗ ಅದಕ್ಕೆ ಯಾವ ಭಾಷೆಯ ತೊಡಕೂ ಇಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿದು. ಆದರೂ ಮುರಕಲ್ಲಿನ ಇಳಿಜಾರು ನೆಲದಲ್ಲಿ ನೀರು ನಿಲ್ಲುವುದಿಲ್ಲ. ಇದನ್ನು ಅರಿತೇ ನಮ್ಮ ಹಿರಿಯರು ತೋಡುಗಳಿಗೆ ಕಟ್ಟ ಕಟ್ಟುತ್ತಿದ್ದರು. ಮಳೆ ನಿಂತು ಹರಿವಿನ ರಭಸ ಇಳಿದಾಗ, ನವೆಂಬರ್ ಡಿಸೆಂಬರಿನಲ್ಲಿ, ಕಲ್ಲು ಮಣ್ಣುಗಳಿಂದ ತೋಡಿಗೆ ಅಡ್ಡವಾಗಿ ಕಟ್ಟುವುದು. ಮುಂದಿನ ಮಳೆಗೆ ಮುನ್ನ ಬಿಚ್ಚುವುದು. ನಿಂತ ನೀರು ಎರಡು ಬದಿಗಳಿಗೂ ಇಂಗಿ ಬಾವಿಗಳಿಗೆ ಬರುತ್ತದೆ. ತೋಟದವರೆಲ್ಲ ಆಳು ಕೊಡುತ್ತಿದ್ದರು. ಪಂಪು ಬಂದ ಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಏತಡ್ಕದಂತಹ ಕೆಲವು ಕಡೆಗಳಲ್ಲಿ ಮಾತ್ರ ಕೃಷಿಕರು ಆ ಪದ್ಧತಿಯನ್ನು ಕೈಬಿಡಲಿಲ್ಲ. ನಮ್ಮ ಜಿಲ್ಲೆಯವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ಕಟ್ಟಗಳ ವಿಷಯವಾಗಿ ಬರೆದುದನ್ನು ತರುಣರು ಓದಬೇಕು.

ಅದೇ 2017ರಲ್ಲಿ ಆಲಪ್ಪುಳ ಜಿಲ್ಲೆಯ ಬುಧನೂರಿನಲ್ಲಿ ಉದ್ಯೋಗ ಖಾತರಿ ಯೋಜನೆಯ 700 ಮಂದಿ 70 ದಿನ ದುಡಿದು, ಕೊಳೆ ಕಳೆಗಳಿಂದ ಮುಚ್ಚಿಹೋಗಿದ್ದ 12 ಕಿ.ಮೀ. ಉದ್ದದ ಕುಟ್ಟೆಂಪೇರೂರು ಹೊಳೆಯನ್ನು ಮತ್ತೆ ಹರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಅದನ್ನು ಓದಿದ ನಮ್ಮ ಮಹಿಳಾ ಸಮಾಜದವರೇ, ಬಸದಿಯ ಕೆಳಗಿನ ತೋಡಿಗೆ ಒಂದು ಕಟ್ಟವನ್ನಾದರೂ ಕಟ್ಟಬಾರದೇಕೆ ಎಂದು ಮೊದಲು ಕೇಳಿದವರು.

ಆದರೆ ಹಿರಿಯ ಶ್ರಾವಿಕೆಯೊಬ್ಬರು ಆಕ್ಷೇಪಿಸಿದರು. ಮಣ್ಣು ಅಗೆದರೆ, ನೀರನ್ನು ತಡೆದರೆ ಜೀವಹಿಂಸೆಯಲ್ಲವೇ? ನ್ಯಾಯವಾದ ಪ್ರಶ್ನೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ನೀರನ್ನು ಕದಡುವುದನ್ನೂ ಪ್ರಮಾದಚರ್ಯೆಯೆಂದು ರತ್ನಕರಂಡಕ ಶ್ರಾವಕಾಚಾರವು ನಿಷೇಧಿಸಿದೆ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿಯಾಗಿ ತಪ್ಪುವುದಿಲ್ಲ. ಯತ್ನಾಚಾರದಿಂದ ಅದನ್ನು ಕಡಿಮೆ ಮಾಡಬಹುದು. ಮಾರ್ಚಿನಲ್ಲಿ ತೋಡು ಬತ್ತಿದಾಗ ಕುಳಿಗಳಲ್ಲಿ ಉಸಿರುಗಟ್ಟಿ ಸಾಯುವ ಮೀನು, ಏಡಿ, ಕಪ್ಪೆಗಳ ಲೆಕ್ಕವನ್ನು ನಾವು ಯಾವ ಪ್ರತಿಕ್ರಮಣದಲ್ಲಿ ಒಪ್ಪಿಸಿದ್ದೇವೆ? ಆದುದರಿಂದ ಹೀಗೆ ನಿಶ್ಚಯಿಸಿದೆವು: ಹೊಸದಾಗಿ ದಡ ಅಗೆಯಬಾರದು, ಮಳೆಗಾಲದಲ್ಲಿ ಬಂದು ನಿಂತ ಮರಳನ್ನೇ ಚೀಲಕ್ಕೆ ತುಂಬಬೇಕು, ಕಟ್ಟದ ಮೇಲಿನಿಂದ ಸ್ವಲ್ಪ ನೀರು ಸದಾ ಹರಿಯುತ್ತಿರಬೇಕು. ಆ ಅಮ್ಮನವರೇ ಮೊದಲ ಚೀಲದ ಬಾಯಿ ಹೊಲಿದರು.

ಮೊದಲ ವರ್ಷದ ಕಟ್ಟ ಜನವರಿಯಲ್ಲಿಯೇ ಸೋರಿ ಬರಿದಾಯಿತು. ಮೇಲೆಯೂ ಕೆಳಗೆಯೂ ಇನ್ನೊಂದು ಕಟ್ಟವಿಲ್ಲದೆ ಒಂಟಿ ಕಟ್ಟ ನಿಲ್ಲದೆಂದು ನೆರೆಯ ಬ್ಯಾರಿ ಕೃಷಿಕರೊಬ್ಬರು ಹೇಳಿಕೊಟ್ಟರು. ಅವರ ತೋಟದ ಬುಡದಲ್ಲಿ ಅವರೇ ಎರಡನೆಯದನ್ನು ಕಟ್ಟಿದರು. ಮೂರನೆಯದು ದೇವಸ್ಥಾನದ ಯುವಕರದು. ಮೂರು ಕಟ್ಟಗಳಾದ ಮೇಲೆ ಬಸದಿಯ ಬಾವಿಯಲ್ಲಿ ಮೇ ತಿಂಗಳಿನಲ್ಲಿಯೂ ಕೊಡ ಮುಳುಗುತ್ತಿದೆ. ಬಾವಿ ತುಂಬಿತೆಂದು ಹೇಳಲಾರೆ, ಕೊಡ ಮುಳುಗುತ್ತಿದೆ. ಅಭಿಷೇಕಕ್ಕೆ ನೀರು ಹೊರಗಿನಿಂದ ತಂದಿಲ್ಲ. ಇಂದ್ರರು ಜೀವಾಣಿಯನ್ನು ಸೇದಿದ ಬಾವಿಗೇ ಇಳಿಸುತ್ತಿದ್ದಾರೆ. ಪಂಪಿನ ವ್ಯಾಪಾರವನ್ನು ನಾನು ಮಗನ ಎದುರಿನಲ್ಲಿ ನಿಲ್ಲಿಸಿದೆನು. ಅಂಗಡಿಯ ಆದಾಯ ಇಳಿದಿದೆ, ಅವನಿಗೆ ಅಸಮಾಧಾನ ಇನ್ನೂ ಇದೆ.

ಈ ಉತ್ಸವದಲ್ಲಿ ಊಟದ ಎಲೆ, ಲೋಟ, ನಿರ್ಮಾಲ್ಯದ ಹೂ ಯಾವುದನ್ನೂ ತೋಡಿಗೆ ಹಾಕಬಾರದೆಂದು ಟ್ರಸ್ಟು ನಿರ್ಣಯಿಸಿದೆ. ಬಸದಿಯ ಹಿಂದೆ ಗುಂಡಿ ಸಿದ್ಧವಾಗಿದೆ. ಇನ್ನೊಂದು ವಿನಂತಿ. ಕಟ್ಟ ಕಟ್ಟುವ ದಿನ ಬರುವಷ್ಟು ಜನ ಬಿಚ್ಚುವ ದಿನ ಬರುವುದಿಲ್ಲ. ಕಳೆದ ವರ್ಷ ನಾವು ನಾಲ್ಕೇ ಮಂದಿ ಇದ್ದೆವು. ಮಳೆ ಮೊದಲೇ ಬಂದು ಒಂದು ಪ್ಲಾಸ್ಟಿಕ್ ಹಾಳೆಯೂ ಹತ್ತಾರು ಚೀಲಗಳೂ ಕಡಲಿಗೆ ಹೋದವು. ಈ ಬಾರಿ ಪತ್ತನಾಜೆಗೆ ಹಿಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಪೂಜೆ ಮುಗಿದ ಕೂಡಲೇ, ಬಿಚ್ಚುವುದು. ಹಳೆಯ ಬಟ್ಟೆಯಲ್ಲಿ ಬನ್ನಿ. ಬುಟ್ಟಿ, ಹಾರೆಗಳು ಬಸದಿಯ ಜಗಲಿಯಲ್ಲಿರುತ್ತವೆ.